ಪಾಲಿಸಿಯಲ್ಲಿ ನಿಮ್ಮ ಗೋಡೌನಿನ ವಿಳಾಸ ಇದೆಯಾ, ಮಳೆಗಾಲಕ್ಕೆ ಮೊದಲು ಒಮ್ಮೆ ತೆಗೆದು ನೋಡಿ

ಮೊನ್ನೆ ನಮ್ಮ ಕೇರಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಹೊಳೆ ಹತ್ತಿರ ಒಂದು ಶೆಡ್ ಬಾಡಿಗೆಗೆ ಹಿಡಿದು ಕೊಬ್ಬರಿ ಎಣ್ಣೆ ಗಾಣ ಹಾಕುತ್ತಿದ್ದಾನೆ. ಮುದ್ರಾ ಸಾಲ ಆಗಿದೆ, ಮಷಿನ್ ಬಂದು ಇಳಿದಿದೆ. "ಅಕ್ಕಾ, ಬ್ಯಾಂಕಿನವರು ಇನ್ಶೂರೆನ್ಸ್ ಬೇಕೇ ಬೇಕು ಅಂತಾರೆ, ಯಾವುದು ಕಡಿಮೆಗೆ ಬರ್ತದೆ ಹೇಳು" ಅಂದ. ಕೂರಿಸಿ ಚಾ ಕೊಟ್ಟು ಎರಡು ತಾಸು ಮಾತಾಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ ಯಲ್ಲಾಪುರದವರೆಗೆ, ಸಣ್ಣ ಉದ್ಯೋಗ ಮಾಡುವ ಎಷ್ಟೋ ಜನ ಈ ಕಾಗದವನ್ನು ಬ್ಯಾಂಕಿಗೋಸ್ಕರ ಮಾಡಿಸುತ್ತಾರೆ, ಒಮ್ಮೆಯೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ನನ್ನದು ಅಂಕೋಲಾ ತಾಲೂಕು. ಉಪ್ಪಿನಕಾಯಿ, ಮುರುಗಲು ಶರಬತ್ತು, ಹಲಸಿನ ಹಪ್ಪಳ, ಆಮೇಲೆ ನಮ್ಮ ಕರಿ ಇಶಾಡು ಮಾವಿನ ರಸ. ನಾಲ್ಕು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಹಗಲು ರಾತ್ರಿ ಕೆಲಸ, ಉಳಿದ ಒಂಬತ್ತು ತಿಂಗಳು ಅದನ್ನೇ ಮಾರುವುದು. ಅಂದರೆ ಜೂನ್ ತಿಂಗಳಲ್ಲಿ ಗೋಡೌನ್ ತುಂಬಿ ತುಳುಕುತ್ತಿರುತ್ತದೆ. ಹೊಳೆ ತುಂಬುವುದೂ ಅದಾದ ಮೇಲೆಯೇ.

2019ರ ಆಗಸ್ಟ್ ನಮ್ಮ ಜಿಲ್ಲೆಯ ಯಾರಿಗೂ ಮರೆಯುವಂಥದ್ದಲ್ಲ. ಕಾಳಿಯೂ ಉಕ್ಕಿತು, ಗಂಗಾವಳಿಯೂ ಉಕ್ಕಿತು. ನಮ್ಮ ಗಂಗಾವಳಿ ಹುಟ್ಟುವುದು ಧಾರವಾಡದ ಹತ್ತಿರ, ಮೇಲೆ ಅದು ಬೇಡ್ತಿ. ನಮ್ಮ ಅಂಗಳದಲ್ಲಿ ಮಳೆ ಕಮ್ಮಿ ಇದ್ದರೂ ಹುಬ್ಬಳ್ಳಿ ಯಲ್ಲಾಪುರ ಕಡೆ ಜೋರಾಗಿ ಹೊಡೆದರೆ ನೀರು ಬರುವುದು ನಮ್ಮ ಮನೆಗೇ. ಆ ರಾತ್ರಿ ಮನೆಯ ಹಿಂದಿನ ಹಾಲ್‌ಗೂ ನೀರು ನುಗ್ಗಿತು, ಎರಡು ವರ್ಷದ ಹಿಂದೆ ಬಾಡಿಗೆಗೆ ಹಿಡಿದಿದ್ದ ಗೋಡೌನಿಗೂ ನುಗ್ಗಿತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಉಪ್ಪಲ್ಲಿ ಹಾಕಿಟ್ಟ ಮಾವಿನ ಮಿಡಿಯ ಡ್ರಮ್‌ಗಳು ಮಗುಚಿ ಬಿದ್ದಿದ್ದವು, ಕೆಸರಿನಲ್ಲಿ ಮಿಡಿಗಳು ಚೆಲ್ಲಾಡಿದ್ದವು. ಕೆಲಸಕ್ಕೆ ಬರುವ ಅಕ್ಕಂದಿರು ನನಗಿಂತ ಮೊದಲು ಬಂದು ಅಲ್ಲಿ ನಿಂತಿದ್ದರು. ಅವರ ಮನೆಗೂ ನೀರು ಹೊಕ್ಕಿತ್ತು, ಆದರೂ ಬಂದಿದ್ದರು.

ಇನ್ಶೂರೆನ್ಸ್ ಇದೆಯಲ್ಲ ಅನ್ನುವ ಒಂದು ಧೈರ್ಯ ನನಗಿತ್ತು. ಪ್ರತಿ ವರ್ಷ ಸಿಸಿ ಖಾತೆಯಿಂದ, ಅಂದರೆ ವ್ಯಾಪಾರಕ್ಕೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಖಾತೆಯಿಂದ, ಬ್ಯಾಂಕಿನವರೇ ಹಣ ಕಡಿದುಕೊಳ್ಳುತ್ತಿದ್ದರು. ಪಾಲಿಸಿ ಕಾಗದ ನನ್ನ ಕೈಗೆ ಬಂದದ್ದು ನೆರೆ ಇಳಿದು ನಾಲ್ಕು ದಿನ ಆದ ಮೇಲೆ, ಅದೂ ಕೇಳಿ ಕೇಳಿ ಇಸಿದುಕೊಂಡಿದ್ದು. ಅದರಲ್ಲಿ ಇದ್ದದ್ದು ಮನೆಯ ವಿಳಾಸ ಮಾತ್ರ. ಗೋಡೌನಿನ ಹೆಸರೇ ಇಲ್ಲ. ಅಲ್ಲಿ ಹಾಳಾದ 2 ಲಕ್ಷ 40 ಸಾವಿರದ ಮಾಲಿಗೆ ಒಂದು ರೂಪಾಯಿಯೂ ಬರಲಿಲ್ಲ. ಬೆಂಕಿ, ನೆರೆಯ ಪಾಲಿಸಿ ಅಂದರೆ ಅದು ಜಾಗಕ್ಕೆ ಅಂಟಿಕೊಂಡ ಪಾಲಿಸಿ. ಮಾಲು ನಿಮ್ಮದೇ ಆಗಿದ್ದರೂ ಪಾಲಿಸಿಯಲ್ಲಿ ಬರೆದ ಜಾಗದಲ್ಲಿ ಅದು ಇಲ್ಲದಿದ್ದರೆ ಮುಗಿಯಿತು. ಜಾಗ ಬದಲಾದರೆ ಬರೆದು ಕೊಟ್ಟು ತಿದ್ದಿಸಿಕೊಳ್ಳಬೇಕು, ಅದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ಗೋಡೌನ್ ಹಿಡಿದದ್ದು ಬ್ಯಾಂಕಿಗೆ ಗೊತ್ತಿತ್ತು, ಮ್ಯಾನೇಜರ್ ಬಂದು ನೋಡಿಯೂ ಹೋಗಿದ್ದರು. ಪಾಲಿಸಿಯಲ್ಲಿ ಮಾತ್ರ ಯಾರೂ ಬರೆಸಲಿಲ್ಲ.

ಇನ್ನು ಮನೆಯಲ್ಲಿದ್ದ ಮಾಲು. ಅಲ್ಲಿ ಆ ದಿನ ಒಟ್ಟು 4 ಲಕ್ಷದ ಸರಕು ಇತ್ತು. ಪಾಲಿಸಿ ಇದ್ದದ್ದು 2 ಲಕ್ಷಕ್ಕೆ, ಯಾಕೆಂದರೆ ನನ್ನ ಸಾಲದ ಮಿತಿ 2 ಲಕ್ಷ. ಬ್ಯಾಂಕಿಗೆ ತನ್ನ ಸಾಲ ಎಷ್ಟೋ ಅಷ್ಟೇ ಚಿಂತೆ. ಹಾಳಾದದ್ದು ಸರ್ವೇಯರ್, ಅಂದರೆ ನಷ್ಟ ಅಳೆಯಲು ಕಂಪನಿ ಕಳಿಸುವವರ, ಲೆಕ್ಕದಲ್ಲಿ 1 ಲಕ್ಷ 80 ಸಾವಿರ. ಪಾಲಿಸಿ 2 ಲಕ್ಷದ್ದು ಇದೆ, ನಷ್ಟ ಅದಕ್ಕಿಂತ ಕಡಿಮೆ, ಹಾಗಾಗಿ ಪೂರ್ತಿ ಬರುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. 4 ಲಕ್ಷದ ಮಾಲಿಗೆ 2 ಲಕ್ಷದ ವಿಮೆ ಮಾಡಿಸಿದರೆ ಅರ್ಧ ಹೊಣೆ ನೀವೇ ಹೊತ್ತುಕೊಂಡ ಹಾಗೆ ಅಂತ ಕಂಪನಿ ಲೆಕ್ಕ ಹಾಕುತ್ತದೆ. ಹಾಗಾಗಿ ನಷ್ಟದಲ್ಲೂ ಅರ್ಧವೇ ಕೊಡುವುದು. 90 ಸಾವಿರ. ಅದರಲ್ಲಿ ಎಕ್ಸೆಸ್ ಅಂತ, ಅಂದರೆ ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು ಅಂತ, 10 ಸಾವಿರ ಕಳೆದರು. ಉಳಿದ 80 ಸಾವಿರ ಸೀದಾ ಸಾಲದ ಖಾತೆಗೆ ಹೋಯಿತು, ನನ್ನ ಕೈಗಲ್ಲ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ, ಹಣ ಮೊದಲು ಅವರಿಗೆ.

ಸರ್ವೇಯರ್ ಜೊತೆ ನಡೆದ ಒಂದು ಮಾತು ಈಗಲೂ ನೆನಪಾಗುತ್ತದೆ. ಮುಚ್ಚಳ ಭದ್ರ ಇದ್ದ ಬಾಟಲಿಗಳನ್ನು ಅವರು ನಷ್ಟಕ್ಕೆ ಸೇರಿಸಲಿಲ್ಲ, ತೊಳೆದು ಮಾರಬಹುದು ಅಂದರು. ನೆರೆ ನೀರಿನಲ್ಲಿ ಎರಡು ದಿನ ಮುಳುಗಿದ್ದ ಬಾಟಲಿ. ಹಟ್ಟಿಯ ಗಂಜಳ, ಬಚ್ಚಲ ನೀರು, ಸತ್ತ ಪ್ರಾಣಿ ಎಲ್ಲ ಸೇರಿದ ನೀರು ಅದು. ಅದನ್ನು ಯಾರ ಮಕ್ಕಳ ಊಟದ ತಟ್ಟೆಗೆ ಬಡಿಸಲಿ? ಎಲ್ಲ ಹೊಂಡ ತೋಡಿ ಸುರಿದೆ. ಅವರ ವರದಿಗೆ ಆಗಲೇ ಬರೆದು ಆಕ್ಷೇಪ ಕೊಡಬೇಕಿತ್ತು, ಬಾಯಲ್ಲಿ ಹೇಳಿ ಸುಮ್ಮನಾದೆ.

ಅದಕ್ಕೇ ಆ ಹುಡುಗನಿಗೆ ಹೇಳಿದೆ, ತಮ್ಮಾ, ಕಡಿಮೆಗೆ ಯಾವುದು ಅಂತ ಕೇಳಬೇಡ. ಮೊದಲು ನಿನ್ನ ಮಾಲು ಎಲ್ಲಿದೆ, ಎಷ್ಟಿದೆ, ಅದಕ್ಕೆ ಏನಾಗಬಹುದು, ಅದನ್ನು ಬರೆದು ತಾ. ಈಗ 2021ರ ಏಪ್ರಿಲ್‌ನಿಂದ ನಮ್ಮಂಥವರಿಗೆ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಅಂತ ಒಂದು ಪಾಲಿಸಿ ಇದೆ. ಒಂದು ಜಾಗದಲ್ಲಿ ಒಟ್ಟು 5 ಕೋಟಿಯೊಳಗಿನ ಆಸ್ತಿ ಇರುವವರಿಗೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಇದರ ಷರತ್ತುಗಳನ್ನು ಬರೆದದ್ದು, ಹಾಗಾಗಿ ಯಾವ ಕಂಪನಿಗೆ ಹೋದರೂ ಮೂಲ ಪಾಲಿಸಿ ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ಚಂಡಮಾರುತ, ನೆರೆ, ಭೂಕಂಪ, ಗುಡ್ಡ ಕುಸಿತ ಎಲ್ಲ ಇದರಲ್ಲೇ ಬರುತ್ತದೆ. ಹಿಂದಿನ ಪಾಲಿಸಿಯಲ್ಲಿ ಪ್ರೀಮಿಯಂ ಇಳಿಸಲು ನೆರೆಯನ್ನೇ ಕೈಬಿಡುವ ದಾರಿ ಇತ್ತು, ಕೆಲವರು ಹಾಗೆ ಮಾಡಿಸಿಯೂ ಇದ್ದರು. ನಮ್ಮ ಕರಾವಳಿಯಲ್ಲಿ ನೆರೆ ಬಿಟ್ಟು ವಿಮೆ ಮಾಡಿಸುವುದು ಎಂದರೆ ಬಾಗಿಲು ತೆರೆದಿಟ್ಟು ಕಿಟಕಿಗೆ ಬೀಗ ಹಾಕಿದ ಹಾಗೆ.

ಇನ್ನೊಂದು ಒಳ್ಳೆಯದು, ಈ ಪಾಲಿಸಿಯಲ್ಲಿ ವಿಮೆಯ ಮೊತ್ತ ಮಾಲಿನ ಬೆಲೆಗಿಂತ 15 ಶೇಕಡದವರೆಗೆ ಕಡಿಮೆ ಬಿದ್ದರೂ ಕ್ಲೈಮ್ ಕತ್ತರಿಸುವುದಿಲ್ಲ. 8 ಲಕ್ಷದ ಮಾಲಿಗೆ 7 ಲಕ್ಷ ಬರೆಸಿದ್ದರೆ ನಡೆಯುತ್ತದೆ. 4 ಲಕ್ಷ ಬರೆಸಿದ್ದರೆ ನನ್ನ ಕಥೆಯೇ ನಿಮ್ಮದೂ. ಹಾಗಾಗಿ ಮೊತ್ತ ಬರೆಸುವಾಗ ಏಜೆಂಟ್ ಬಂದ ದಿನ ಗೋಡೌನಿನಲ್ಲಿ ಎಷ್ಟಿದೆ ಅಂತ ನೋಡಬೇಡಿ. ನನ್ನ ಹತ್ತಿರ ಜನವರಿಯಲ್ಲಿ ಬಂದರೆ ಅರ್ಧ ಕಪಾಟು ಖಾಲಿ. ವರ್ಷದಲ್ಲಿ ಅತಿ ಜಾಸ್ತಿ ಮಾಲು ಇರುವ ದಿನದ ಲೆಕ್ಕ ಹಿಡಿಯಿರಿ, ನನಗೆ ಅದು ಜೂನ್ ಮೊದಲ ವಾರ. ಬಟ್ಟೆ ಅಂಗಡಿಯವರಿಗೆ ಗಣೇಶ ಚೌತಿ ಮೊದಲಿನ ವಾರ ಇರಬಹುದು, ಅಡಿಕೆಯವರಿಗೆ ಬೇರೆ. ಮಷಿನು, ಕಪಾಟು, ಫ್ರಿಜ್ಜು, ಬಾಟಲಿ ಲೇಬಲ್ಲು ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಸಿ. ಬ್ಯಾಂಕಿನವರು ಮಾಡಿಸುವ ಪಾಲಿಸಿಯಲ್ಲಿ ಬರೀ ಸ್ಟಾಕ್ ಅಂತ ಇದ್ದರೆ ಮಷಿನಿಗೆ ಏನೂ ಇಲ್ಲ ಅಂತಲೇ ಅರ್ಥ. ಅವರು ತೋರಿಸಿದ ಕಂಪನಿಯಲ್ಲೇ ಮಾಡಿಸಬೇಕು ಅಂತಲೂ ಇಲ್ಲ. ನಾವೇ ಮಾಡಿಸಿ, ಬ್ಯಾಂಕಿನ ಹೆಸರು ಸೇರಿಸಿ, ಒಂದು ಪ್ರತಿ ಕೊಟ್ಟರೆ ಆಯಿತು.

ಏನು ಬರುವುದಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಡಲ್ಕೊರೆತ ಬರುವುದಿಲ್ಲ. ಹೊಳೆ ದಡ ಕೊರೆದು ಕುಸಿದರೂ ಬರುವುದಿಲ್ಲ. ಗುಡ್ಡ ಕುಸಿತಕ್ಕೆ ವಿಮೆ ಇದೆ, ಆದರೆ ಸಮುದ್ರ ಅಥವಾ ನದಿ ಕೊರೆದದ್ದಕ್ಕೆ ಇಲ್ಲ ಅಂತ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ದಂಡೆಯ ಮೇಲೆ ಮೀನು ಒಣಗಿಸುವ ಶೆಡ್ ಇರುವವರು, ಗೋಕರ್ಣದ ಕಡೆ ತೀರದಲ್ಲೇ ಹೋಟೆಲ್ ಇಟ್ಟವರು ಇದನ್ನು ದಯವಿಟ್ಟು ಗಮನಿಸಿ. ಹೆಂಚಿನ ಮಾಡು ಸೋರಿ ಹಪ್ಪಳಕ್ಕೆ ಬೂಷ್ಟು ಹಿಡಿದರೆ ಅದು ನೆರೆ ಅಲ್ಲ, ಅದಕ್ಕೂ ಇಲ್ಲ. ಕರೆಂಟ್ ಮೂರು ದಿನ ಇಲ್ಲದೆ ಫ್ರೀಜರಿನ ಮಾಲು ಕೊಳೆತರೆ ಈ ಪಾಲಿಸಿಯಲ್ಲಿ ಬರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿರುವುದು ದೊಡ್ಡ ಸಂಗತಿಯೇ ಅಲ್ಲ, ಅಲ್ವಾ? ಸೀಗಡಿ, ಬಂಗುಡೆ ಕೋಲ್ಡ್ ಸ್ಟೋರೇಜಿನಲ್ಲಿ ಇಡುವವರು ಅದಕ್ಕೆ ಬೇರೆ ಪಾಲಿಸಿ ಕೇಳಬೇಕು. ಕಳ್ಳತನಕ್ಕೂ ಬೇರೆಯೇ. ನೆರೆಯೋ ಬೆಂಕಿಯೋ ಆದ ಏಳು ದಿನದೊಳಗೆ ಅಲ್ಲಿಂದ ಮಾಲು ಕದ್ದುಹೋದರೆ ಮಾತ್ರ ಇದರಲ್ಲಿ ಬರುತ್ತದೆ, ಬೇರೆ ದಿನ ಬೀಗ ಒಡೆದರೆ ಇಲ್ಲ.

2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿತು. ಹೆದ್ದಾರಿ ಬದಿಯ ಚಾ ಅಂಗಡಿ, ಅದರ ಮನೆಯವರು, ಅಲ್ಲಿ ನಿಂತ ಲಾರಿಗಳು ಎಲ್ಲ ಮಣ್ಣಿನಡಿ ಹೋದವು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರೆದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಆ ಅಂಗಡಿಯಲ್ಲಿ ನಾನೂ ಎಷ್ಟೋ ಸಲ ಚಾ ಕುಡಿದಿದ್ದೇನೆ, ಆ ದಾರಿಯಲ್ಲಿ ಹೋಗುವಾಗ ಈಗಲೂ ಎದೆ ಭಾರ ಆಗುತ್ತದೆ. ಅದಾಗಿ ಮೂರು ವಾರಕ್ಕೆ ಕಾರವಾರದ ಹಳೇ ಕಾಳಿ ಸೇತುವೆ ರಾತ್ರಿ ಹೊತ್ತು ಕುಸಿಯಿತು. ಆ ಮಳೆಗಾಲ ನನ್ನ ಗೋಡೌನಿಗೆ ಒಂದು ಹನಿ ನೀರು ಬರಲಿಲ್ಲ, ಆದರೆ ಹೆದ್ದಾರಿ ಬಂದಾಗಿ ವ್ಯಾಪಾರ ನಿಂತಿತು, ಗೋವಾ ಕಡೆಗೆ ಹೋಗಬೇಕಾದ ಆರ್ಡರ್ ರದ್ದಾಯಿತು. ಅದಕ್ಕೆ ವಿಮೆ ಸಿಗುತ್ತದಾ ಅಂತ ವಿಚಾರಿಸಿದೆ. ಇಲ್ಲ. ವ್ಯಾಪಾರ ನಿಂತ ನಷ್ಟಕ್ಕೆ ಪಾಲಿಸಿ ಇದೆ, ಆದರೆ ಅದು ಸಾಮಾನ್ಯವಾಗಿ ನಮ್ಮದೇ ಆಸ್ತಿಗೆ ಹಾನಿಯಾಗಿ ಕೆಲಸ ನಿಂತರೆ ಮಾತ್ರ. ಸಾಗಾಣಿಕೆ ವಿಮೆಯಲ್ಲೂ ಬರೀ ತಡವಾಗಿ ಮಾಲು ಕೆಟ್ಟರೆ ಕೊಡುವುದಿಲ್ಲ. ಅದಕ್ಕೆ ನಾನು ಮಳೆಗಾಲದ ಎರಡು ತಿಂಗಳ ಸಂಬಳದಷ್ಟು ಹಣ ಬೇರೆಯೇ ತೆಗೆದಿಡುತ್ತೇನೆ.

ಕೆಲಸದವರ ವಿಷಯ. ಕೆಲಸದ ವೇಳೆ ಅವರಿಗೆ ಏನಾದರೂ ಆದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು, 1923ರಿಂದಲೇ ಕಾನೂನು ಹಾಗಿದೆ. ನಾಲ್ಕೇ ಜನ ಇದ್ದಾರೆ, ಎಲ್ಲ ಮನೆಯವರ ಹಾಗೆ ಅಂದರೆ ಕೋರ್ಟು ಕೇಳುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಇದೆ, ನಾನು ಮಾಡಿಸಿದ್ದೇನೆ. ಅದರ ಮೇಲೆ ಎಲ್ಲರ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿದೆ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಅದು ಜೂನ್ 1ರಿಂದ ಮೇ 31ರವರೆಗೆ, ಹಾಗಾಗಿ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇರಬೇಕು, ಇಲ್ಲದಿದ್ದರೆ ನವೀಕರಣ ಆಗುವುದಿಲ್ಲ. ಮಾವಿನ ಮರ ಹತ್ತುವ ಅಣ್ಣಂದಿರಿಗೂ ಇದನ್ನು ಮಾಡಿಸಿ ಅಂತ ಕೈಮುಗಿದು ಕೇಳುತ್ತೇನೆ.

ಲೆಕ್ಕ ಇಡದಿದ್ದರೆ ಯಾವ ಪಾಲಿಸಿಯೂ ಕೈ ಹಿಡಿಯುವುದಿಲ್ಲ. ನಾವು ಮಿಡಿ ಕೊಳ್ಳುವುದು ಮರ ಹತ್ತುವವರಿಂದ, ಮುರುಗಲು ಕೊಳ್ಳುವುದು ಹಳ್ಳಿಯ ಹೆಂಗಸರಿಂದ. ಅವರು ಬಿಲ್ ಕೊಡುತ್ತಾರಾ? 2019ರಲ್ಲಿ ಸರ್ವೇಯರ್ ಕೇಳಿದ ಮೊದಲ ಪ್ರಶ್ನೆಯೇ ಖರೀದಿ ಬಿಲ್ ಎಲ್ಲಿ ಅಂತ. ಈಗ ಒಂದು ವೋಚರ್ ಪುಸ್ತಕ ಇಟ್ಟಿದ್ದೇನೆ, ತೂಕ, ದರ, ತಾರೀಕು ಬರೆದು ಅವರ ಸಹಿ ಅಥವಾ ಹೆಬ್ಬೆಟ್ಟು. ತಿಂಗಳ ಕೊನೆಯ ದಿನ ಗೋಡೌನಿನ ಒಂದು ವಿಡಿಯೋ ಮಾಡಿ ಬೆಂಗಳೂರಿನಲ್ಲಿರುವ ಮಗಳಿಗೆ ಕಳಿಸುತ್ತೇನೆ. ನೆರೆ ಬಂದರೆ ಪುಸ್ತಕ ತೇಲಿ ಹೋದರೂ ವಿಡಿಯೋ ಉಳಿಯುತ್ತದೆ. ನೀರು ಇಳಿದ ತಕ್ಷಣ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವವರೆಗೆ ಹಾಳಾದದ್ದನ್ನು ಎಸೆಯಬೇಡಿ. ವಾಸನೆ ತಡೆಯಲಾಗದಿದ್ದರೆ ಫೋಟೋ ತೆಗೆದು, ಎಸೆಯುತ್ತೇನೆ ಅಂತ ಬರೆದು ಕಳಿಸಿ, ಆಮೇಲೆ ಎಸೆಯಿರಿ. ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ ಮಾಡಿಸಿಕೊಳ್ಳಿ.

ಕಂಪನಿ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯ ಹತ್ತಿರ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಅದು ಬರೀ ಆರೋಗ್ಯ ವಿಮೆಗೆ ಅಂತ ಜನ ತಿಳಿದಿದ್ದಾರೆ, ಒಬ್ಬರೇ ಮಾಲೀಕರಿರುವ ವ್ಯಾಪಾರಕ್ಕೂ ಸೂಕ್ಷ್ಮ ಉದ್ಯಮಕ್ಕೂ ಇದೆ. ಒಂದು ವರ್ಷದ ಒಳಗೆ ಹೋಗಬೇಕು. ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ, ಗೊತ್ತಾಗುವಾಗ ಆ ವರ್ಷ ಕಳೆದು ಹೋಗಿತ್ತು. ಇದನ್ನು ಬರೆಯಲು ಅದೇ ದೊಡ್ಡ ಕಾರಣ.

ಖರ್ಚು ಕೇಳಿದರೆ, ನನ್ನ ಮನೆ ಮತ್ತು ಗೋಡೌನ್ ಎರಡೂ ಸೇರಿ ಜಿಎಸ್‌ಟಿ ಎಲ್ಲ ಹಿಡಿದು ವರ್ಷಕ್ಕೆ 5 ಸಾವಿರದ ಒಳಗೆ ಆಗುತ್ತದೆ. ಎರಡು ಡ್ರಮ್ ಮಿಡಿಯ ಬೆಲೆಯೂ ಅಲ್ಲ.

ನಿನ್ನೆ ರಾತ್ರಿ ಆ ಹುಡುಗ ತನ್ನ ಪಾಲಿಸಿಯ ಕರಡು ಪ್ರತಿಯ ಫೋಟೋ ಕಳಿಸಿದ. ಮೊತ್ತದ ಜಾಗದಲ್ಲಿ ಅವನ ಸಾಲದ ಮೊತ್ತವೇ ಇತ್ತು, ವಿಳಾಸದ ಜಾಗದಲ್ಲಿ ಅವನ ಅಮ್ಮನ ಮನೆ. ಶೆಡ್ ಇರುವುದು ಅಲ್ಲಿಂದ ಎರಡು ಕಿಲೋಮೀಟರ್ ಕೆಳಗೆ, ಹೊಳೆ ಬದಿಗೆ. ಎರಡಕ್ಕೂ ಕೆಂಪು ಗೆರೆ ಹಾಕಿ ವಾಪಸ್ ಕಳಿಸಿದ್ದೇನೆ, ಸೋಮವಾರ ಅವನ ಜೊತೆ ನಾನೂ ಆಫೀಸಿಗೆ ಹೋಗುತ್ತಿದ್ದೇನೆ. ಪ್ರೀಮಿಯಂ ಕಟ್ಟಿದ ಮೇಲೆಯೇ ವಿಮೆ ಶುರು ಆಗುವುದು, ಮಳೆಗೆ ಇನ್ನು ಮೂರು ವಾರ ಇದೆ.