“ತುಕ್ಕು ಹಿಡಿಯುವುದೇ ಇಲ್ಲ” ಎಂದ ಅಂಗಡಿಯವನ ಮಾತು

ಇಂದು ಮಧ್ಯಾಹ್ನ ಹ್ಯೂಸ್ಟನ್ನಿನ ಒಂದು ಕೋವಿ ಅಂಗಡಿಯಿಂದ ಸಿಟ್ಟು ಹೊತ್ತುಕೊಂಡೇ ಮನೆಗೆ ಬಂದೆ. ಗ್ರೀನ್ ಕಾರ್ಡ್ ಸಿಕ್ಕ ಸಂತೋಷದಲ್ಲಿ ಮೊದಲ ರೈಫಲ್ ಕೊಳ್ಳಲು ಹೊರಟಿದ್ದ ನಮ್ಮ ಕಡೆಯ ಹುಡುಗನೊಬ್ಬ, “ಅಣ್ಣಾ, ನೀವು ಕೊಡಗಿನವರು, ಜೊತೆಗೆ ಬನ್ನಿ” ಎಂದು ಕರೆದಿದ್ದ. ಅಂಗಡಿಯವನು ಎರಡು ಎಆರ್-15 ರೈಫಲ್ ತಂದಿಟ್ಟ. ಒಂದರ ನಳಿಕೆ ಸ್ಟೇನ್‌ಲೆಸ್. ಇನ್ನೊಂದರದು ಸಾಧಾರಣ ಉಕ್ಕು, ಒಳಗೆ ಕ್ರೋಮ್ ಲೇಪನ. “ಸ್ಟೇನ್‌ಲೆಸ್ ತೆಗೆದುಕೊಳ್ಳಿ. ತುಕ್ಕು ಹಿಡಿಯುವುದೇ ಇಲ್ಲ, ಒರೆಸುವ ಕೆಲಸವೂ ಇಲ್ಲ” ಎಂದ. ಹುಡುಗ ನನ್ನತ್ತ ತಿರುಗಿ, “ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಯ ಹಾಗೆ, ಅಲ್ಲವೇ ಅಣ್ಣಾ?” ಎಂದ.

ಅಲ್ಲ. ಖಂಡಿತ ಅಲ್ಲ. ಒಳ್ಳೆಯ ಪಾತ್ರೆಯ ಉಕ್ಕಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತವೆ. ನಳಿಕೆಗೆ ಹೆಚ್ಚಾಗಿ ಬಳಸುವ 416ಆರ್ ಉಕ್ಕಿನಲ್ಲಿ ಕ್ರೋಮಿಯಂ ಶೇ. 12–13ರಷ್ಟೇ. ಕೊರೆಯಲು ಸುಲಭವಾಗಲೆಂದು ಅದಕ್ಕೆ ಗಂಧಕವನ್ನೂ ಸೇರಿಸುತ್ತಾರೆ. ಆ ಗಂಧಕವೇ ತುಕ್ಕಿಗೆ ದಾರಿ. ಸಮುದ್ರದ ತೇವ ತುಂಬಿದ ಈ ಊರಿನಲ್ಲಿ ಎಣ್ಣೆ ಕಾಣದೆ ಬಿದ್ದ ಸ್ಟೇನ್‌ಲೆಸ್ ನಳಿಕೆಯ ಮೇಲೆ ಕಂದು ಚುಕ್ಕೆ ಏಳುವುದನ್ನು ನಾನೇ ನೋಡಿದ್ದೇನೆ.

“ಒರೆಸಬೇಕಾಗಿಲ್ಲ” ಎಂಬ ಮಾತು ಕೇಳಿದರೆ ನನಗೆ ವಿಯೆಟ್ನಾಂ ನೆನಪಾಗುತ್ತದೆ. ಈ ಎಆರ್-15ರ ಸೇನಾ ರೂಪವಾದ ಎಂ16 ರೈಫಲ್ಲನ್ನು ಮೊದಲು ಅಲ್ಲಿಗೆ ಕಳುಹಿಸಿದಾಗ ಅದರ ನಳಿಕೆಗೆ ಕ್ರೋಮ್ ಇರಲಿಲ್ಲ. ಶುಚಿ ಮಾಡುವ ಅಗತ್ಯವೇ ಅಷ್ಟಾಗಿ ಇಲ್ಲವೆಂಬ ನಂಬಿಕೆ ಹರಡಿತ್ತು, ಶುಚಿ ಮಾಡುವ ಸಾಮಗ್ರಿಯೂ ಎಲ್ಲರಿಗೆ ಸಿಗಲಿಲ್ಲ. ತೋಟಾದೊಳಗಿನ ಸಿಡಿಮದ್ದು ಬದಲಾಗಿ ಮಸಿಯೂ ಹೆಚ್ಚಿತು. ಆ ತೇವದಲ್ಲಿ ತೋಟಾ ಕೂರುವ ಚೇಂಬರ್ ತುಕ್ಕು ಹಿಡಿದು, ಖಾಲಿ ತೋಟಾ ಒಳಗೇ ಸಿಕ್ಕಿಬೀಳುತ್ತಿತ್ತು. ಕೆಟ್ಟು ನಿಂತ ರೈಫಲ್ ಹಿಡಿದೇ ಹುಡುಗರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು, ಚೇಂಬರಿಗೆ ಕ್ರೋಮ್ ಬಂತು, ಆಮೇಲೆ ಇಡೀ ನಳಿಕೆಗೂ ಬಂತು. ಜಪಾನೀಯರು 1939ರ ತಮ್ಮ ಟೈಪ್ 99 ರೈಫಲ್ಲಿನಲ್ಲೇ ಇದನ್ನು ಮಾಡಿದ್ದರು. ಕೂದಲಿಗಿಂತ ತೆಳುವಾದ ಆ ಪದರ ಉಕ್ಕಿಗಿಂತ ಗಟ್ಟಿ, ಕರಗಲು 1900 ಡಿಗ್ರಿ ಸೆಲ್ಸಿಯಸ್ಸಿನಷ್ಟು ಶಾಖ ಬೇಕು. ಬಿಸಿ ಅನಿಲ ಅದನ್ನು ಬೇಗ ಕೊರೆಯಲಾರದು. ಹೊರಮೈಗೆ ಮಾತ್ರ ಎಣ್ಣೆ ಬೇಕೇ ಬೇಕು, ಲೇಪನ ಇರುವುದು ಒಳಗಷ್ಟೇ.

ಗುರಿಯ ಮಾತೆತ್ತುವವರು ಈಗ ಬರುತ್ತೀರಿ, ಗೊತ್ತು. ಲೇಪನ ಎಲ್ಲ ಕಡೆಯೂ ಒಂದೇ ದಪ್ಪ ಕೂರುವುದು ಕಷ್ಟ, ಅದರಿಂದ ಗುರಿ ತುಸು ತಪ್ಪಬಹುದು. ಸ್ಟೇನ್‌ಲೆಸ್ ನಳಿಕೆಯ ಒಳಗನ್ನು ಕೈಯಿಂದ ಉಜ್ಜಿ ನಯಗೊಳಿಸಬಹುದು. ನೂರು ಗಜದಲ್ಲಿ ಐದು ಗುಂಡುಗಳನ್ನು ಒಂದಂಗುಲದೊಳಗೆ ಕೂರಿಸುವ ಸ್ಪರ್ಧಿಗೆ ಅದೇ ಸರಿ, ನಾನೂ ಒಪ್ಪುತ್ತೇನೆ. ಆದರೆ ಈ ಹುಡುಗ ವಾರಾಂತ್ಯದಲ್ಲಿ ಅಗ್ಗದ ತೋಟಾ ಇನ್ನೂರು ಹೊಡೆದು, ರೈಫಲ್ಲನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವವನು. ಅವನಿಗೆ ಆ ಒಂದಂಗುಲದಿಂದ ಏನಾಗಬೇಕು? ನಳಿಕೆ ಕಾದು ಸುಡುವಂತೆ ಹೊಡೆಯುವವನಿಗೆ ಕ್ರೋಮೇ ಬಾಳಿಕೆ.

ಇಷ್ಟೊಂದು ಸಿಟ್ಟೇಕೆ ಎಂದು ಹೆಂಡತಿ ಕೇಳಿದಳು. ಹೇಳಿಬಿಡುತ್ತೇನೆ. ನನಗೆ ಹದಿನಾರು. ನಾಟಿಯ ಗಡಿಬಿಡಿಯಲ್ಲಿದ್ದ ಅಪ್ಪ, “ಕೋವಿಗೆ ಎಣ್ಣೆ ಹಾಕಿದೆಯಾ?” ಎಂದು ಕೇಳಿದರು. ಹಾಕಿದೆ ಎಂದೆ. ಹಾಕಿರಲಿಲ್ಲ. ಬಟ್ಟೆ ಒಣಗದ ಆ ಮಳೆಗಾಲ ಕಳೆದು ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ, ನಳಿಕೆಗೆ ತೋಕ್ ಪೂವು ಎಂಬ ಕಾಡುಹೂವು ಸಿಕ್ಕಿಸುವ ಮುಂಚೆ ಅಪ್ಪ ಅಜ್ಜನ ಕೋವಿಯನ್ನು ಮಡಚಿ ತೆರೆದು ಬೆಳಕಿಗೆ ಹಿಡಿದರು. ನಳಿಕೆಯ ಒಳಗೆ ಸಿಡುಬಿನ ಕಲೆಯ ಹಾಗೆ ಕುಳಿಗಳು. ಅವರು ಒಂದು ಮಾತೂ ಆಡಲಿಲ್ಲ. ನನ್ನ ಕೈಗೂ ಕೊಟ್ಟರು, ನೋಡಲೆಂದು. ಆ ವರ್ಷ ನಾನು ಹಬ್ಬದ ಸ್ಪರ್ಧೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋಗಲಿಲ್ಲ.

ಹುಡುಗ ಇವತ್ತು ಎರಡನ್ನೂ ಬಿಟ್ಟು ಬಂದಿದ್ದಾನೆ. ಕೊಳ್ಳುವ ಮುಂಚೆ ನಮ್ಮ ಮನೆಗೆ ಬಂದು ನನ್ನ ರೈಫಲ್ಲಿನ ನಳಿಕೆ ಒರೆಸಿ ಕಲಿ ಎಂದಿದ್ದೇನೆ. ಭಾನುವಾರ ಬೆಳಿಗ್ಗೆ ಬರುತ್ತಾನೆ. ಹಳೆಯ ಬನಿಯನ್ ಬಟ್ಟೆ ಅವನೇ ತರುತ್ತಾನಂತೆ.