ಬುಧವಾರದವರಿಗೆ ಶನಿ ಬಿಟ್ಟ ದಿನ

ನಿನ್ನೆ, 2025ರ ಅಕ್ಟೋಬರ್ 25ರ ಶನಿವಾರ ಬೆಳಿಗ್ಗೆ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಶೆಫೀಲ್ಡ್ ವೆಡ್ನೆಸ್‌ಡೇಯ ಹಿಲ್ಸ್‌ಬರೋ ಕ್ರೀಡಾಂಗಣದ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಅಕ್ಟೋಬರ್ ಕೊನೆಯ ಚಳಿಗೆ ಮೂಗು ಸೋರುತ್ತಿತ್ತು. ಸಾಲು ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಆದರೂ ಒಬ್ಬರ ಮುಖದಲ್ಲೂ ಬೇಸರವಿರಲಿಲ್ಲ. ನನ್ನ ಮುಂದಿದ್ದ ಅಜ್ಜ ತನಗೊಂದು, ಮಗಳಿಗೊಂದು, ಕೊನೆಗೆ ಜೊತೆಗಿದ್ದ ನಾಯಿಗೂ ಒಂದು ನೀಲಿ ಬಿಳಿ ಶಾಲು ಕೊಂಡ. ನಾಯಿಗೆ ಅದು ಹಿಡಿಸಲಿಲ್ಲ. ಅಜ್ಜ ಬೆಲೆ ಕೇಳಲೇ ಇಲ್ಲ. ಹದಿನಾಲ್ಕು ವರ್ಷದಿಂದ ಈ ಊರಿನಲ್ಲಿದ್ದೇನೆ, ಯಾರ್ಕ್‌ಷೈರ್‌ನವನೊಬ್ಬ ಬೆಲೆ ಕೇಳದೆ ಏನನ್ನಾದರೂ ಕೊಂಡದ್ದನ್ನು ನೋಡಿದ್ದು ಇದೇ ಮೊದಲು.

ಹಿಂದಿನ ದಿನ ಏನಾದರೂ ಕಪ್ ಗೆದ್ದಿದ್ದೆವೇ? ಇಲ್ಲ. ನಮ್ಮ ಕ್ಲಬ್ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ವಶಕ್ಕೆ ಹೋಗಿತ್ತು. ಅದಕ್ಕೆ ಶಿಕ್ಷೆಯಾಗಿ ಲೀಗ್ ಪಟ್ಟಿಯಲ್ಲಿ 12 ಅಂಕ ಕಡಿತ. ಕಷ್ಟಪಟ್ಟು ಕೂಡಿಸಿದ್ದದ್ದೇ 6 ಅಂಕ, ಹಾಗಾಗಿ ಆ ದಿನ ಮೈನಸ್ 6. ಮನೆ ಹರಾಜಿಗೆ ಬಂದ ದಿನ ಹೋಳಿಗೆ ಮಾಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡೆ, ನಾನೂ ತಟ್ಟೆ ಹಿಡಿದು ಕೂತೆ. ಯಾಕೆಂದರೆ ಮಾಲೀಕ ಡೆಜ್‌ಫೊನ್ ಚಾನ್ಸಿರಿಯ ಕೈಯಿಂದ ಶೆಫೀಲ್ಡ್ ವೆಡ್ನೆಸ್‌ಡೇ ಬಿಡುಗಡೆಯಾಗಿತ್ತು. ಆತನ ಮೇಲಿನ ಸಿಟ್ಟಿಗೆ ಅಂಗಡಿಗೂ ದುಡ್ಡು ಕೊಡದಿದ್ದವರು ಈಗ ಸಾಲುಗಟ್ಟಿದ್ದರು. ಸಾಡೇಸಾತಿಯಾದರೂ ಏಳೂವರೆ ವರ್ಷಕ್ಕೆ ಮುಗಿಯುತ್ತದೆ. ನಮ್ಮದು 2015ರಿಂದ 2025, ಲೆಕ್ಕ ನೀವೇ ಹಾಕಿ.

ದಾವಣಗೆರೆಯ ಗೆಳೆಯರು ಈ ಹೊತ್ತಿಗೆ ನಗುತ್ತಿರುತ್ತೀರಿ, ಗೊತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಹುಟ್ಟಿ, ಇಂಗ್ಲೆಂಡಿಗೇ ಬಂದು, ಮ್ಯಾಂಚೆಸ್ಟರಿನ ಎರಡು ಕ್ಲಬ್ಬುಗಳನ್ನೂ ಬಿಟ್ಟು, 2000ದಲ್ಲಿ ಪ್ರೀಮಿಯರ್ ಲೀಗಿನಿಂದ ಬಿದ್ದವರು ಮತ್ತೆ ಏಳದ ಈ ತಂಡವನ್ನು ಹಿಡಿದುಕೊಂಡಳಲ್ಲ ಎಂದು. ಏನು ಮಾಡಲಿ, ಹೆಸರಿಗೇ ಮರುಳಾದೆ. 1820ರಲ್ಲಿ ಇಲ್ಲೊಂದು ಕ್ರಿಕೆಟ್ ಕ್ಲಬ್ ಶುರುವಾಯಿತು. ಬುಧವಾರ ಅರ್ಧ ದಿನ ರಜೆ ಸಿಗುತ್ತಿದ್ದ ಕುಶಲಕರ್ಮಿಗಳು ಆಡುತ್ತಿದ್ದರಿಂದ ಅದಕ್ಕೆ ಬುಧವಾರ ಎಂದೇ ಹೆಸರು. ಚಳಿಗಾಲದಲ್ಲಿ ಕೈಕಾಲು ಜಡ್ಡುಗಟ್ಟಬಾರದೆಂದು 1867ರಲ್ಲಿ ಫುಟ್‌ಬಾಲ್ ಶುರುಮಾಡಿದರು. ದುಡಿಯುವವರ ಅರ್ಧ ದಿನದ ಬಿಡುವಿನಲ್ಲಿ ಹುಟ್ಟಿದ ಕ್ಲಬ್ ಇದು. ಯಾವ ಸಾಹುಕಾರನೂ ಇದನ್ನು ಹುಟ್ಟಿಸಲಿಲ್ಲ. ಸಿಟ್ಟು ಬರುವುದೇ ಇಲ್ಲಿ.

ಆ ನೂರು ಪೌಂಡಿನ ಕಥೆ ಮತ್ತೆ ಹೇಳುತ್ತೇನೆ. ಕೇಳಿದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಚಾನ್ಸಿರಿ ಥಾಯ್ಲೆಂಡಿನವರು. ಅವರ ಕುಟುಂಬ ಡಬ್ಬಿಯ ಟ್ಯೂನಾ ಮೀನಿನ ವ್ಯಾಪಾರದಲ್ಲಿ ಜಗತ್ತಿಗೇ ದೊಡ್ಡ ಹೆಸರು. 2023ರ ಸೆಪ್ಟೆಂಬರ್‌ನಲ್ಲಿ, ಅಭಿಮಾನಿಗಳು ತನ್ನನ್ನು ಟೀಕಿಸುತ್ತಾರೆಂದು ಮುನಿಸಿಕೊಂಡು, ಇನ್ನು ಕ್ಲಬ್ಬಿಗೆ ಹೆಚ್ಚಿನ ಹಣ ಹಾಕುವುದಿಲ್ಲ ಎಂದು ಘೋಷಿಸಿದರು. ಮುಂದಿನ ತಿಂಗಳೇ ತೆರಿಗೆ ಬಾಕಿಗೂ ಸಂಬಳಕ್ಕೂ 20 ಲಕ್ಷ ಪೌಂಡ್ ಬೇಕಾಯಿತು. ಆಗ ಅವರು ಕೊಟ್ಟ ಉಪಾಯ ಕೇಳಿ: 20,000 ಅಭಿಮಾನಿಗಳು ತಲಾ 100 ಪೌಂಡ್ ಕೊಟ್ಟರೆ ಸರಿಹೋಗುತ್ತದೆ. ಗುಣಾಕಾರ ಸರಿಯಿದೆ. ಮೂರನೇ ತರಗತಿಯ ಮಗುವೂ ಮಾಡೀತು. ಟಿಕೆಟ್ಟಿಗೆ, ಜೆರ್ಸಿಗೆ, ಪಾರ್ಕಿಂಗಿಗೆ, ಎಣ್ಣೆ ಸೋರುವ ಮಾಂಸದ ಪೈಗೆ ಅದಾಗಲೇ ದುಡ್ಡು ಸುರಿದವರ ಬಳಿ, ನನಗೆ ಸಿಟ್ಟು ಬಂದಿದೆ, ಈಗ ನೀವು ಸಂಬಳ ಕೊಡಿ ಎನ್ನಬೇಕಾದರೆ ಎಂಥ ಎದೆಗಾರಿಕೆ ಬೇಕು!

ಇವರಿಗೆಲ್ಲ ಒಂದು ಗುಟ್ಟು ಗೊತ್ತು. ದಿನಸಿ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ನಾವು ಎದುರಿನ ಅಂಗಡಿಗೆ ಹೋಗುತ್ತೇವೆ. ಆದರೆ ಹಿಲ್ಸ್‌ಬರೋದಲ್ಲಿ ಮನಸ್ತಾಪವಾಯಿತೆಂದು ಊರಿನ ಆ ಬದಿಯ ಎದುರಾಳಿ ಕ್ಲಬ್ ಶೆಫೀಲ್ಡ್ ಯುನೈಟೆಡ್‌ಗೆ ಯಾರೂ ಹೋಗುವುದಿಲ್ಲ. ಸತ್ತರೂ ಹೋಗುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜ ಮಗಳ ಮದುವೆಯನ್ನೇ ಪಂದ್ಯವಿಲ್ಲದ ದಿನಕ್ಕೆ ಹಾಕಿಸಿದವರು. ಇಂಥವರು ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆಯೇ ಮಾಲೀಕರ ಬಂಡವಾಳ. ಅದನ್ನು ಅಡವಿಟ್ಟೇ ಅವರು ವ್ಯಾಪಾರ ಮಾಡುವುದು.

ಈ ವಾರ ಆ ಅಜ್ಜನೂ ಪಂದ್ಯಕ್ಕೆ ಹೋಗಲಿಲ್ಲ. ಬುಧವಾರ, 22ನೇ ತಾರೀಖು, ಮಿಡಲ್ಸ್‌ಬರೋ ವಿರುದ್ಧದ ಪಂದ್ಯವನ್ನು ಬಹಿಷ್ಕರಿಸಲು ಅಭಿಮಾನಿಗಳ ಟ್ರಸ್ಟ್ ಕರೆ ಕೊಟ್ಟಿತ್ತು. ನಲವತ್ತು ಸಾವಿರದಷ್ಟು ಆಸನಗಳ ಕ್ರೀಡಾಂಗಣದಲ್ಲಿ ಎಂಟು ಸಾವಿರ ಜನವೂ ಇರಲಿಲ್ಲ. ಅಂದು ನಮಗೆ ಬಲಿಪಾಡ್ಯಮಿ. ಸಂಜೆ ಬಾಗಿಲಿಗೆ ದೀಪ ಇಡುವಾಗ ಮಗ ಬಲೀಂದ್ರನ ಕಥೆ ಕೇಳಿದ. ಹೇಳಿದೆ: ಇದ್ದದ್ದನ್ನೆಲ್ಲ ಕೊಟ್ಟು ಪಾತಾಳಕ್ಕೆ ಹೋದ ರಾಜ, ವರ್ಷಕ್ಕೊಮ್ಮೆ ತನ್ನ ಜನ ಹೇಗಿದ್ದಾರೆಂದು ನೋಡಲು ಬರುತ್ತಾನೆ. ಅವನು ಕೇಳಿದ, ಚಾನ್ಸಿರಿ ಯಾಕೆ ಬರುವುದಿಲ್ಲ? ಎಣ್ಣೆ ಬತ್ತಿಯಿಂದ ಚೆಲ್ಲಿತು, ಅಷ್ಟು ನಕ್ಕೆ. ಈ ಹಂಗಾಮಿನಲ್ಲಿ ಆತನನ್ನು ನಾನಂತೂ ಕ್ರೀಡಾಂಗಣದಲ್ಲಿ ಕಂಡಿಲ್ಲ. ಬಲೀಂದ್ರನೇ ವಾಸಿ.

ಇಲ್ಲೊಂದು ತಪ್ಪೊಪ್ಪಿಗೆ. ಬಹಿಷ್ಕಾರದ ಬಗ್ಗೆ ಇಡೀ ಬೀದಿಗೆ ಭಾಷಣ ಮಾಡಿದ ನಾನೇ ಆಗಸ್ಟ್‌ನಲ್ಲಿ ಮಗನ ಹುಟ್ಟುಹಬ್ಬಕ್ಕೆ ಕದ್ದುಮುಚ್ಚಿ ಹೊಸ ಜೆರ್ಸಿ ಕೊಂಡಿದ್ದೆ. ಅಂಗಡಿಗೆ ಒಂದು ಪೈಸೆಯೂ ಕೊಡಬೇಡಿ ಎಂದು ಬರೆದಿದ್ದ ಪೋಸ್ಟ್ ಹಂಚಿಕೊಂಡ ಮೂರನೇ ದಿನ. ಅಜ್ಜ ಕೇಳಿದಾಗ ಕಳೆದ ವರ್ಷದ್ದು ಎಂದು ಸುಳ್ಳು ಹೇಳಿದೆ. ಅವರು ನಂಬಿದಂತೆ ತಲೆಯಾಡಿಸಿದರು. ಜೆರ್ಸಿಯ ಪಟ್ಟೆ ಪಟ್ಟೆಯೂ ಬಲ್ಲವರು, ನಂಬಿರಲಾರರು.

ಈಗ ಕ್ರೀಡಾಂಗಣದ ವಿಷಯಕ್ಕೆ ಬರುತ್ತೇನೆ. ನಮ್ಮ ಊರುಗಳಲ್ಲಿ ಗುಡಿಗೆ ಧರ್ಮದರ್ಶಿ ಇರುತ್ತಾನಲ್ಲ. ಹುಂಡಿಯ ಲೆಕ್ಕ ಅವನ ಕೈಯಲ್ಲಿರುತ್ತದೆ, ಜಾತ್ರೆಯಲ್ಲಿ ಮೊದಲ ಕಾಯಿ ಅವನದೇ. ಅದು ಸರಿ. ಅವನು ಗುಡಿಯನ್ನೇ ತನ್ನ ಹೆಸರಿಗೆ ಬರೆಸಿಕೊಂಡರೆ? ಹಿಲ್ಸ್‌ಬರೋವನ್ನು ಕ್ಲಬ್ಬಿನಿಂದ ತಮ್ಮದೇ ಇನ್ನೊಂದು ಕಂಪನಿಗೆ ಚಾನ್ಸಿರಿ 6 ಕೋಟಿ ಪೌಂಡಿಗೆ ಮಾರಿದರು. ಎಡಗೈಯಿಂದ ಬಲಗೈಗೆ. ನಷ್ಟದ ಮಿತಿ ದಾಟಬಾರದೆಂಬ ಲೀಗಿನ ನಿಯಮಕ್ಕೆ ಲೆಕ್ಕ ಹೊಂದಿಸಲು ಈ ಕಸರತ್ತು. ಆ ಮಾರಾಟವನ್ನು ಸೇರಿಸಬಾರದ ವರ್ಷದ ಲೆಕ್ಕಕ್ಕೆ ಸೇರಿಸಿದ್ದು ಬಯಲಾಗಿ 2020ರಲ್ಲಿ 12 ಅಂಕದ ದಂಡ ಬಿತ್ತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. 2020-21ರ ಹಂಗಾಮಿನ ಕೊನೆಗೆ ನಮ್ಮದು 41 ಅಂಕ, ಕೊನೆಯ ಸ್ಥಾನ, ಕೆಳಗಿನ ದರ್ಜೆಗೆ ಹಿಂಬಡ್ತಿ. ಬದುಕುಳಿದ ಡರ್ಬಿ ಕೌಂಟಿಯದು 44. ಆ 6 ಅಂಕ ಇದ್ದಿದ್ದರೆ 47 ಆಗುತ್ತಿತ್ತು. ಅಂದರೆ ನಮ್ಮನ್ನು ಮೈದಾನದಲ್ಲಿ ಯಾರೂ ಕೆಳಗಿಳಿಸಲಿಲ್ಲ, ಲೆಕ್ಕದ ಪುಸ್ತಕ ಇಳಿಸಿತು. ಆಟಗಾರರು ಕೆಸರಿನಲ್ಲಿ ಬಿದ್ದೆದ್ದು ಗಳಿಸಿದ್ದನ್ನು ಕೋಟು ತೊಟ್ಟವರು ಕಳೆದರು. ಇದನ್ನು ಬರೆಯುವಾಗ ಈಗಲೂ ಹಲ್ಲು ಕಡಿಯುತ್ತೇನೆ.

ಪಾಪ, ಆತ ತನ್ನ ಸ್ವಂತ ಹಣ ಎಷ್ಟು ಸುರಿದಿದ್ದಾನೆ ನೋಡು ಎಂದು ನನ್ನ ಭಾವ ಫೋನಿನಲ್ಲಿ ವಾದ ಹೂಡಿದರು. ಲೆಕ್ಕಪರಿಶೋಧಕರಲ್ಲವೇ, ದುಡ್ಡು ಕಳೆದುಕೊಂಡವರ ಮೇಲೆ ಅವರಿಗೆ ಕರುಣೆ ಜಾಸ್ತಿ. ಸುರಿದದ್ದು ನಿಜ, ಕೋಟಿಗಟ್ಟಲೆ ಪೌಂಡ್. 2016ರಲ್ಲಿ ಬಡ್ತಿಯ ಫೈನಲ್‌ಗೆ ವೆಂಬ್ಲಿಯವರೆಗೆ ಹೋಗಿ ಹಲ್ ಸಿಟಿಯ ಎದುರು ಒಂದೇ ಗೋಲಿನಿಂದ ಪ್ರೀಮಿಯರ್ ಲೀಗ್ ಕಳೆದುಕೊಂಡೆವು. ಆಗ ನಾವೇ ಆತನ ಹೆಸರು ಕೂಗಿದ್ದೆವು. 2023ರ ಬಡ್ತಿಯ ಸೆಮಿಫೈನಲ್ಲಿನಲ್ಲಿ ಪೀಟರ್‌ಬರೋ ಎದುರು ನಾಲ್ಕು ಗೋಲು ಹಿಂದಿದ್ದು ಎರಡನೇ ಪಂದ್ಯದಲ್ಲಿ ತಿರುಗಿ ಬಿದ್ದ ರಾತ್ರಿಯೂ ಆತನ ಕಾಲದ್ದೇ. ಆಮೇಲೆ ಫೈನಲ್ಲಿನ ಹೆಚ್ಚುವರಿ ಅವಧಿಯೂ ಮುಗಿಯುತ್ತಿದ್ದಾಗ ಜೋಶ್ ವಿಂಡಾಸ್ ತಲೆಯಿಂದ ಹೊಡೆದ ಗೋಲು! ಬಡ್ತಿ ತಂದುಕೊಟ್ಟ ತರಬೇತುದಾರ ಡ್ಯಾರೆನ್ ಮೂರ್ ಕೆಲವೇ ವಾರಗಳಲ್ಲಿ ಹೊರಟುಹೋದರು. ಸರಿ ಭಾವ, ಹಣ ಸುರಿದರು. ಗುಡಿಗೆ ಹೆಂಚು ಹೊದಿಸಿದವನು ದೇವರ ಮೂಗುತಿ ಬಿಚ್ಚಿಕೊಂಡು ಹೋಗಬಹುದೇ? ಕೈಯಲ್ಲಿ ಆಗದಿದ್ದರೆ ಮಾರಿ ಹೋಗಬೇಕಿತ್ತು. ಸಿಬ್ಬಂದಿಯ ಹೊಟ್ಟೆಯ ಮೇಲೆ ಕೂತು ಬೆಲೆ ಏರಲಿ ಎಂದು ಕಾಯುವುದು ಯಾವ ದಾನ?

ನನಗೆ ಇಷ್ಟು ಉರಿಯಲು ಇನ್ನೊಂದು ಕಾರಣವಿದೆ. ಈ ವರ್ಷ ಮಾರ್ಚ್‌ನಿಂದ ಅಲ್ಲಿ ಸಂಬಳ ಪದೇ ಪದೇ ತಡವಾಯಿತು. ಆಟಗಾರರಿಗೆ ಹೇಗೋ ನಡೆಯುತ್ತದೆ. ಕಚೇರಿಯವರಿಗೆ, ಹುಲ್ಲು ಕತ್ತರಿಸುವವರಿಗೆ? ನಮ್ಮಪ್ಪ ಹತ್ತಿ ಗಿರಣಿಯಲ್ಲಿದ್ದರು, ಹೆಸರು ಬೇಡ. ಕೊನೆಯ ವರ್ಷಗಳಲ್ಲಿ ಸಂಬಳ ಈ ವಾರ, ಮುಂದಿನ ವಾರ ಎಂದು ಜಾರುತ್ತಿತ್ತು. ಅಮ್ಮ ನನ್ನ ಕೈಗೆ ಉದ್ದರಿ ಪುಸ್ತಕ ಕೊಟ್ಟು ಅಂಗಡಿಗೆ ಕಳಿಸುತ್ತಿದ್ದರು, ದೊಡ್ಡವರು ಹೋದರೆ ಬೈಯುತ್ತಾರೆ, ಮಗುವನ್ನು ಬೈಯುವುದಿಲ್ಲವೆಂದು. ಅಂಗಡಿಯವರು ಬೈಯಲಿಲ್ಲ, ಪುಸ್ತಕವನ್ನು ಸ್ವಲ್ಪ ಹೊತ್ತು ತೆರೆದಿಟ್ಟು ನೋಡುತ್ತಿದ್ದರು ಅಷ್ಟೇ. ಆ ನೋಟ ನನಗೆ ಗೊತ್ತು. ಇದನ್ನು ಇಲ್ಲಿ ಬರೆಯಬೇಕೆಂದುಕೊಂಡಿರಲಿಲ್ಲ.

ಇದೆಲ್ಲ ಇಂಗ್ಲೆಂಡಿನ ಗೋಳು, ನಮಗೇಕೆ ಎನ್ನುವ ಬೆಂಗಳೂರಿಗರೇ, ಆಗಸ್ಟ್‌ನಲ್ಲಿ ನಿಮ್ಮ ಬೆಂಗಳೂರು ಎಫ್‌ಸಿಯೇ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿದ್ದು ಮರೆತಿರಾ? ಅಲ್ಲಿ ಲೀಗೇ ನಡೆಯುವುದು ಅನುಮಾನವಾಗಿತ್ತು, ಕಾರಣ ಬೇರೆ. ಆದರೆ ಅಲ್ಲಿಯೂ ಗ್ಯಾಲರಿಯಲ್ಲಿ ಡೋಲು ಬಡಿಯುವ ಹುಡುಗರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಇಲ್ಲಿ ಜುಲೈನಲ್ಲಿ ಹೊಸ ಕಾಯ್ದೆ ಬಂದಿದೆ, ಮಾಲೀಕರ ಯೋಗ್ಯತೆ ಪರೀಕ್ಷಿಸಲು ಸ್ವತಂತ್ರ ನಿಯಂತ್ರಕರಂತೆ. ಬರಲಿ. ಒಂದೇ ಒಂದು ಪೌಂಡಿಗೆ ಕೈಬದಲಾಯಿಸಿ 2019ರಲ್ಲಿ ಲೀಗಿನಿಂದಲೇ ಉಚ್ಚಾಟನೆಯಾದ, ಬರಿ ಎಂಬ ಊರಿನ ಕ್ಲಬ್ಬಿನವರಿಗೆ ಇದು ಆರು ವರ್ಷ ತಡವಾಯಿತು. ಹೊಸ ಮಾಲೀಕ ಯಾರೋ ಎಂತೋ ಎಂಬ ಭಯ ನನಗೂ ಇದೆ. ಆದರೆ ಒಂದು ವಾರವಾದರೂ ಖುಷಿಪಡಲು ಬಿಡಿ.

ನಿನ್ನೆಯ ಪಂದ್ಯವನ್ನೂ ಸೋತೆವು, ಆಕ್ಸ್‌ಫರ್ಡ್ ಯುನೈಟೆಡ್ ಎದುರು. ಬುಧವಾರ ಖಾಲಿ ಹೊಡೆಯುತ್ತಿದ್ದ ಕ್ರೀಡಾಂಗಣಕ್ಕೆ ನಿನ್ನೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಪಕ್ಕದ ಮನೆಯ ಅಜ್ಜ ತಮ್ಮ ಹಳೆಯ ಆಸನದಲ್ಲಿ ಕೂತು ಹಳೆಯ ಬೈಗುಳಗಳನ್ನು ರೆಫರಿಗೆ ಮೀಸಲಿಟ್ಟರು. ಪಂದ್ಯ ಮುಗಿದ ಮೇಲೆ ನನ್ನ ಮಗನ ಜೆರ್ಸಿಯನ್ನು ಬೆರಳಿನಿಂದ ಮುಟ್ಟಿ, ಇನ್ನು ಇದನ್ನು ಹೊಸದು ಎಂದು ಹೇಳಬಹುದು ಎಂದರು.

ಮನೆಗೆ ಬಂದು ಚೀಲ ಬಿಚ್ಚಿದೆ. ಎರಡು ಶಾಲು, ಒಂದು ಟೋಪಿ, ಕ್ಲಬ್ಬಿನ ಲಾಂಛನವಾದ ಗೂಬೆಯ ಚಿತ್ರದ ನಾಲ್ಕು ಚಹಾ ಲೋಟ, ಯಾರಿಗೂ ಬೇಡದ ಒಂದು ಪೆನ್ಸಿಲ್ ಡಬ್ಬಿ. ಮನೆಯವರು ಬಿಲ್ಲು ಎತ್ತಿಕೊಂಡು ಓದಿದರು. 104 ಪೌಂಡ್. ಅವರು ನಗುವುದಕ್ಕೆ ಮೊದಲೇ ನಾನು ಅಡುಗೆಮನೆಗೆ ಹೋದೆ.