ಮೊದಲು ಮನೆ ಕಟ್ಟಿ, ಆಮೇಲೆ ಓತಿ ತನ್ನಿ

ಹೋದ ಶನಿವಾರ ಆಸ್ಟ್ರೇಲಿಯಾದ ನಮ್ಮ ಬ್ರಿಸ್ಬೇನಿನ ಕನ್ನಡದ ಗೆಳೆಯರೊಬ್ಬರು ಒಂದು ಫೋಟೋ ಕಳಿಸಿದರು. ಎರಡಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಪ್ಲಾಸ್ಟಿಕ್ ಬಳ್ಳಿ, ಒಂದು ಬಟ್ಟಲು ನೀರು, ಮೂಲೆಯಲ್ಲಿ ವಾಟರ್ ಡ್ರ್ಯಾಗನ್ ಅನ್ನುವ ಓತಿಯ ಗೇಣುದ್ದದ ಮರಿ. "ಮಗನ ಹುಟ್ಟುಹಬ್ಬಕ್ಕೆ ತಗೊಂಡ್ವಿ. ನಿಮ್ಮನೇಲೂ ಇದೆಯಲ್ಲ, ಇಷ್ಟು ಸಾಕಾ? ದೊಡ್ಡದಾದ್ಮೇಲೆ ಬೇರೆ ನೋಡೋಣ ಅಂತಿದೀವಿ" ಅಂತ ಕೇಳಿದ್ದರು. ಅವರಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಆ "ಆಮೇಲೆ ನೋಡೋಣ" ಅನ್ನುವ ಮಾತು ಈ ಪ್ರಾಣಿಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಸ್ಟರ್ನ್ ವಾಟರ್ ಡ್ರ್ಯಾಗನ್ ನಮ್ಮವರಿಗೆ ತೀರಾ ಅಪರಿಚಿತ ಏನಲ್ಲ. ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತ, ಮಲೆನಾಡಿನ ಹಾರುವ ಓತಿ, ಇದು, ಮೂರೂ ಅಗಾಮಿಡೇ ಎಂಬ ಒಂದೇ ಕುಟುಂಬದವು. ಇದೂ ಹಾಗೇ ತಲೆ ಆಡಿಸುತ್ತದೆ, ಮುಂಗಾಲೆತ್ತಿ ನಿಧಾನವಾಗಿ ಕೈ ಬೀಸಿದ ಹಾಗೆ ಮಾಡುತ್ತದೆ. ಆದರೆ ಗಾತ್ರವೇ ಬೇರೆ. ಬೆಳೆದ ಗಂಡು ಬಾಲ ಸೇರಿ ಹತ್ತಿರ ಹತ್ತಿರ ಒಂದು ಮೀಟರ್ ಆಗುತ್ತದೆ, ಅದರಲ್ಲಿ ಮೂರನೇ ಎರಡು ಪಾಲು ಬಾಲವೇ. ತೂಕ ಒಂದು ಕಿಲೋ ಸುಮಾರು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕಬಲ್ಲದು. ಇವತ್ತು ಎರಡನೇ ಕ್ಲಾಸಿನಲ್ಲಿರುವ ಆ ಹುಡುಗ ಕೆಲಸಕ್ಕೆ ಸೇರಿದ ಮೇಲೂ ಅದು ಇದ್ದೀತು.

ನಮ್ಮ ಮನೆಯದರ ಹೆಸರು ಭೈರ. ನಾವು ಅವನನ್ನು ಮರಿಯಾಗಿ ತಂದದ್ದಲ್ಲ. ಬೇರೆ ರಾಜ್ಯಕ್ಕೆ ಹೊರಟಿದ್ದ ಕುಟುಂಬವೊಂದು ಕೊಟ್ಟದ್ದು. ಲೈಸೆನ್ಸ್, ಕಾಗದಪತ್ರ ಎಲ್ಲ ಸರಿ ಇತ್ತು, ಪ್ರೀತಿಯೂ ಇತ್ತು. ಇಲ್ಲದೆ ಇದ್ದದ್ದು ಜಾಗ. ನಾಲ್ಕಡಿಯ ಗಾಜಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಇದ್ದ. ನಾನೂ ಮಗಳೂ ಮೊದಲ ಸಲ ನೋಡಲು ಹೋದಾಗ ಅವನು ಗಾಜಿಗೆ ಮೂಗು ಒತ್ತಿಕೊಂಡು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿದ್ದ. ಮೂತಿಯ ತುದಿಯಲ್ಲಿ ಹುರುಪೆಗಳೇ ಇರಲಿಲ್ಲ. ಕೆಂಪಗೆ, ಚರ್ಮ ಸುಲಿದು, ಮೇಲ್ದುಟಿ ಒಂದು ಕಡೆ ಸವೆದು ಸಣ್ಣ ಹಲ್ಲು ಹೊರಗೆ ಕಾಣುತ್ತಿತ್ತು. ಗಾಜಿನ ಮೇಲೆ ಅವನ ಮೂಗಿನ ಎತ್ತರಕ್ಕೆ ಸರಿಯಾಗಿ ಒಂದು ಮಬ್ಬು ಗೆರೆ. ದಿನಾ ಒರೆಸಿದರೂ ಸಂಜೆಗೆ ಮತ್ತೆ ಬರುತ್ತದೆ ಅಂದರು ಆ ಮನೆಯಾಕೆ, ಬೇಜಾರಿಂದಲೇ. ಗಾಜು ಅನ್ನುವುದು ಅವುಗಳಿಗೆ ಅರ್ಥವಾಗುವುದಿಲ್ಲ. ಆಚೆ ಬೆಳಕು ಕಾಣುತ್ತದೆ, ಹೋಗಲು ದಾರಿ ಇಲ್ಲ. ಎಷ್ಟೋ ಸಲ ತನ್ನದೇ ಪ್ರತಿಬಿಂಬವನ್ನು ಇನ್ನೊಂದು ಗಂಡು ಅಂದುಕೊಂಡು ನುಗ್ಗುತ್ತದೆ. ಆ ಗಾಯ ಕೀವಾಗಿ ಬಾಯಿಗೆ, ದವಡೆಗೆ ಇಳಿಯುವುದೂ ಉಂಟು.

ಅವತ್ತೇ ಅವನನ್ನು ಕರೆದುಕೊಂಡು ಬರೋಣ ಅಂತ ಮಗಳು ಅತ್ತಳು. ನಾನು ಒಪ್ಪಲಿಲ್ಲ. ಮನೆ ಕಟ್ಟದೆ ತಂದರೆ ನಮ್ಮಲ್ಲೂ ಅದೇ ತೊಟ್ಟಿಯೇ ಅವನಿಗೆ ಗತಿ. ಆ ಮನೆಯವರಿಂದ ಮೂರು ವಾರ ಸಮಯ ಕೇಳಿಕೊಂಡು ಹಿತ್ತಲಲ್ಲಿ ಕೆಲಸ ಶುರು ಮಾಡಿದೆ.

ಇಲ್ಲಿನ ಹವೆ ನಮಗೆ ದೊಡ್ಡ ಅನುಕೂಲ. ಈ ಪ್ರಾಣಿ ಬ್ರಿಸ್ಬೇನಿನದೇ. ಇದೇ ಬಿಸಿಲು, ಇದೇ ಚಳಿ ಅದಕ್ಕೆ ಒಗ್ಗಿದೆ. ಹಾಗಾಗಿ ಹಿತ್ತಲಿರುವವರು ಮನೆಯೊಳಗೆ ದೀಪ, ಹೀಟರ್ ಅಂತ ದುಡ್ಡು ಸುರಿಯುವ ಬದಲು ಹೊರಗೆ ಜಾಲರಿ ಮನೆ ಕಟ್ಟಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮದು ಹನ್ನೆರಡಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರ. ಎತ್ತರ ಯಾಕೆ ಅಂದರೆ ಇದು ನೆಲದ ಪ್ರಾಣಿ ಅಲ್ಲ, ಹೊಳೆ ಪಕ್ಕದ ಮರದ ಪ್ರಾಣಿ. ಕೊಂಬೆ ಮೇಲೆ ಕೂತು ಬಿಸಿಲು ಕಾಯುತ್ತದೆ, ಹೆದರಿದರೆ ಅಲ್ಲಿಂದಲೇ ನೀರಿಗೆ ಬೀಳುತ್ತದೆ.

ದಿಕ್ಕಿನ ವಿಚಾರ ನಮ್ಮವರು ಮರೆಯುತ್ತಾರೆ. ಊರಲ್ಲಿ ಚಳಿಗಾಲದ ಬಿಸಿಲು ತೆಂಕಣದಿಂದ ಬರುತ್ತದೆ, ಇಲ್ಲಿ ಬಡಗಣದಿಂದ. ಬೇಸಿಗೆಯಲ್ಲಿ ಚೆಂದ ಕಂಡ ಜಾಗ ಜುಲೈಯಲ್ಲಿ ಇಡೀ ದಿನ ನೆರಳಲ್ಲಿರಬಹುದು. ಪೂರ್ವ, ಉತ್ತರ ತೆರೆದಿರುವ ಜಾಗ ನೋಡಿ. ಮೇಲ್ಛಾವಣಿಗೆ ನಾನು ಪಾಲಿಕಾರ್ಬೊನೇಟ್ ಶೀಟ್ ಹಾಕಲು ಹೊರಟಿದ್ದೆ, ಬೆಳಕೂ ಬರುತ್ತೆ ಮಳೆಯೂ ನಿಲ್ಲುತ್ತೆ ಅಂತ. ಸರೀಸೃಪ ನೋಡುವ ವೆಟ್ ಒಬ್ಬರು ತಡೆದರು. ಬೆಳಕು ಬರುತ್ತದೆ ನಿಜ, ಆದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಅನ್ನುವ ನೇರಳಾತೀತ ಕಿರಣವನ್ನು ಆ ಶೀಟೂ ಗಾಜೂ ತಡೆದುಬಿಡುತ್ತವೆ. ಅದು ಚರ್ಮಕ್ಕೆ ತಾಗದಿದ್ದರೆ ಡಿ3 ವಿಟಮಿನ್ ಇಲ್ಲ, ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮರಿಗಳಲ್ಲಿ ಮೊದಲು ಕೆಳದವಡೆ ರಬ್ಬರಿನ ಹಾಗೆ ಮೆತ್ತಗಾಗುತ್ತದೆ, ಆಮೇಲೆ ಕಾಲು ಸೊಟ್ಟಗಾಗುತ್ತದೆ. ಕಿಟಕಿ ಪಕ್ಕ ತೊಟ್ಟಿ ಇಟ್ಟು "ಬಿಸಿಲು ಬೀಳುತ್ತಲ್ಲ" ಅನ್ನುವವರು ದಯವಿಟ್ಟು ಇದನ್ನು ಎರಡು ಸಲ ಓದಿ. ಮುಚ್ಚಿದ ಗಾಜಿನ ತೊಟ್ಟಿಯನ್ನು ಬಿಸಿಲಲ್ಲಿಟ್ಟರೆ ಯುವಿಬಿ ಸಿಗುವುದಿಲ್ಲ, ಒಳಗಿನ ಜೀವ ಮಾತ್ರ ಬೆಂದು ಹೋಗುತ್ತದೆ. ಕೊನೆಗೆ ನಮ್ಮ ಛಾವಣಿಯಲ್ಲಿ ಮೂರನೇ ಒಂದು ಪಾಲಿಗೆ ಮಾತ್ರ ಶೀಟ್, ಉಳಿದದ್ದು ಬರೀ ಜಾಲರಿ. ಮಳೆ ಬಂದರೆ ಭೈರ ನೆನೆಯುತ್ತಾನೆ. ನೆನೆಯಲಿ, ಅದು ಅವನಿಗೆ ಇಷ್ಟ.

ಜಾಲರಿ ಸಣ್ಣ ಕಣ್ಣಿನದೇ ಬೇಕು. ಒಳಗಿನದು ತಪ್ಪಿಸಿಕೊಳ್ಳದಿರಲಿ ಅನ್ನುವುದಕ್ಕಿಂತ ಹೊರಗಿನದು ಒಳಬರದಿರಲಿ ಅಂತ. ಕಾರ್ಪೆಟ್ ಪೈಥಾನ್ ಅನ್ನುವ ಹೆಬ್ಬಾವು ನಮ್ಮ ಬಡಾವಣೆಯಲ್ಲಿ ಮಾಮೂಲು, ಬೆಕ್ಕುಗಳಿವೆ, ಇಲಿಗಳಿವೆ. ಕೇನ್ ಟೋಡ್ ಅನ್ನುವ ವಿಷದ ಕಪ್ಪೆಯಂತೂ 1935ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ತಂದು ಬಿಟ್ಟ ಮೇಲೆ ಎಲ್ಲಿ ನೀರಿದೆಯೋ ಅಲ್ಲಿ ಹಾಜರು. ಅದರ ವಿಷಕ್ಕೆ ಇಲ್ಲಿನ ಎಷ್ಟೋ ಹಲ್ಲಿ, ಹಾವು ಬಲಿಯಾಗಿವೆ. ಅದಕ್ಕೇ ಸುತ್ತ ಒಂದಡಿ ಅಗೆದು ಜಾಲರಿಯನ್ನು ಮಣ್ಣೊಳಗೆ ಇಳಿಸಿ, ಮೇಲೆ ಎರಡಡಿ ಎತ್ತರಕ್ಕೆ ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಿಂದ ತಂದ ತಗಡಿನ ಶೀಟ್ ಬಡಿದೆ. ಆ ತಗಡು ಎರಡು ಕೆಲಸ ಮಾಡುತ್ತದೆ. ಟೋಡ್ ಹತ್ತಲಾರದು. ನೆಲದ ಮೇಲಿರುವಾಗ ಭೈರನಿಗೆ ಆಚೆ ಕಾಣುವುದಿಲ್ಲ, ಹಾಗಾಗಿ ಮೂಗು ಒತ್ತುವುದೂ ಇಲ್ಲ. ಆಚೆ ನೋಡಬೇಕೆಂದರೆ ಕೊಂಬೆ ಹತ್ತುತ್ತಾನೆ. ಮೊದಲ ವಾರ ಮಾತ್ರ ಗಾಬರಿಯಿಂದ ಮೇಲಿನ ಜಾಲರಿಗೇ ಎರಡು ಸಲ ನುಗ್ಗಿದ, ವಾಸಿಯಾಗುತ್ತಿದ್ದ ಮೂಗಲ್ಲಿ ಮತ್ತೆ ರಕ್ತ ಬಂತು. ಆ ರಾತ್ರಿಯೇ ಟಾರ್ಚ್ ಹಿಡಿದು ಎದೆಮಟ್ಟಕ್ಕೆ ಒಳಗಡೆ ಶೇಡ್ ಕ್ಲಾತ್ ಕಟ್ಟಿದೆವು. ಮೊದಲೇ ಕಟ್ಟಬೇಕಿತ್ತು. ನೀವು ಕಟ್ಟಿ. ಬಾಗಿಲು ಎರಡಿರಲಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯುವ ಹಾಗೆ. ಇವು ಓಡುವ ವೇಗಕ್ಕೆ ನಮ್ಮ ಕೈ ಸಾಲದು.

ಇನ್ನು ನೀರು. ಆ ಫೋಟೋದಲ್ಲಿದ್ದ ಹಾಗೆ ಒಂದು ಬಟ್ಟಲು ಸಾಲದು, ಯಾಕೆ ಅಂದರೆ ಇದು ನೀರು ಕುಡಿದು ಹೋಗುವ ಪ್ರಾಣಿಯಲ್ಲ, ನೀರಲ್ಲಿ ಅಡಗುವ ಪ್ರಾಣಿ. ತಳದಲ್ಲಿ ಅಲುಗಾಡದೆ ಒಂದು ಗಂಟೆಯಷ್ಟು ಹೊತ್ತು ಮುಳುಗಿರಬಲ್ಲದು. ನಮ್ಮದು ಮುನ್ನೂರು ಲೀಟರಿನ ತೊಟ್ಟಿ, ಅರ್ಧ ನೆಲದೊಳಗೆ ಹೂತಿದೆ. ಒಂದು ಬದಿಗೆ ಕಲ್ಲುಗಳ ಇಳಿಜಾರು, ಹತ್ತಿ ಬರಲು. ಮೇಲೆ ಮಣಿಕಟ್ಟಿಗಿಂತ ದಪ್ಪದ ಗಮ್ ಮರದ (ನೀಲಗಿರಿ ಜಾತಿಯದು) ಕೊಂಬೆ, ನೀರಿನ ಮೇಲಕ್ಕೆ ಚಾಚಿಕೊಂಡ ಹಾಗೆ. ಕೊಂಬೆ ಎಲ್ಲಾದರೂ ಇಟ್ಟರೆ ಆಗದು, ಕೆಳಗೆ ನೀರಿದೆ ಅಂತ ಗೊತ್ತಿದ್ದರೆ ಮಾತ್ರ ಅದರ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ಮತ್ತೆ ಒಂದು ಮುಖ್ಯ ಮಾತು, ಇವು ಮಲ ಹಾಕುವುದೂ ನೀರಿಗೇ. ತಳದಲ್ಲಿ ದೊಡ್ಡ ತೂಬು ಇಡದೆ ತೊಟ್ಟಿ ಹೂತರೆ ಬಕೆಟ್ಟಲ್ಲಿ ಎತ್ತಿ ಎತ್ತಿ ಸೊಂಟ ಬಿದ್ದು ಹೋಗುತ್ತದೆ, ಆಮೇಲೆ ನೀರು ಬದಲಿಸುವುದೇ ನಿಂತು ಹೋಗುತ್ತದೆ. ನಾವು ಎರಡು ದಿನಕ್ಕೊಮ್ಮೆ ತೂಬು ಬಿಚ್ಚುತ್ತೇವೆ, ನೀರು ಪೈಪಿನಲ್ಲಿ ನೇರ ಬಾಳೆಗಿಡಕ್ಕೆ. ಗೊನೆ ಚೆನ್ನಾಗಿ ಬರುತ್ತಿದೆ. ಮುಟ್ಟಿದ ಮೇಲೆ, ತೊಟ್ಟಿ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ಇವುಗಳ ಯಾವ ಸಾಮಾನೂ ತೊಳೆಯಬೇಡಿ.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹುಳು, ಮಿಡತೆ, ಜಿರಳೆ, ಎರೆಹುಳು, ಜೊತೆಗೆ ಹಣ್ಣು, ಸೊಪ್ಪು. ದಾಸವಾಳದ ಹೂ ಅಂದರೆ ಭೈರನಿಗೆ ಪ್ರಾಣ. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ, ಗರಾಜಿನಲ್ಲಿ ಜಿರಳೆ ಡಬ್ಬ ಇಡಲು ಹೆಂಡತಿಗೆ ಕಷ್ಟವಾಯಿತು. ಇದನ್ನು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಚಳಿಗಾಲದಲ್ಲಿ ಅವನು ಒಣಗಿದೆಲೆ ರಾಶಿಯ ಕೆಳಗಿನ ಟೊಳ್ಳು ದಿಮ್ಮಿಯಲ್ಲಿ ವಾರಗಟ್ಟಲೆ ಮಲಗುತ್ತಾನೆ. ಆಗ ಬಲವಂತವಾಗಿ ತಿನ್ನಿಸಬಾರದು, ಮೈ ಬಿಸಿ ಇಲ್ಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಹೆಣ್ಣು ಸಾಕುವವರು ಒಂದು ಮೂಲೆಯಲ್ಲಿ ಒಂದಡಿ ಆಳಕ್ಕೆ ಮರಳು ಬೆರೆಸಿದ ಹಸಿ ಮಣ್ಣು ಹಾಕಿಡಿ, ಗಂಡಿಲ್ಲದಿದ್ದರೂ ಮೊಟ್ಟೆ ಆಗಬಹುದು, ಇಡಲು ಜಾಗ ಸಿಗದಿದ್ದರೆ ಒಳಗೇ ಕಟ್ಟಿಕೊಂಡು ಸಾಯುತ್ತವೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಲೇಬೇಡಿ.

ಮೆಲ್ಬರ್ನಿನವರು ಕೇಳುತ್ತಾರೆ, ನಮ್ಮಲ್ಲಿ ಚಳಿ ಜಾಸ್ತಿ, ಒಳಗೇ ಇಡಬೇಕು, ಏನು ಮಾಡೋಣ ಅಂತ. ಆಗುತ್ತದೆ, ಆದರೆ ಅದು ತೊಟ್ಟಿಯ ಮಾತಲ್ಲ, ಕೋಣೆಯ ಒಂದು ಗೋಡೆಯ ಮಾತು. ಎಂಟಡಿ ಉದ್ದ, ಆಳೆತ್ತರದ ಮರದ ಗೂಡು, ಒಂದು ತುದಿ ಮೂವತ್ತೈದು ಡಿಗ್ರಿ ಬಿಸಿ, ಇನ್ನೊಂದು ತುದಿ ಇಪ್ಪತ್ತೈದರ ಒಳಗೆ, ಉದ್ದಕ್ಕೂ ಯುವಿಬಿ ಟ್ಯೂಬು. ಆ ಟ್ಯೂಬು ಉರಿಯುತ್ತಲೇ ಇದ್ದರೂ ಅದರ ಯುವಿಬಿ ಕುಗ್ಗುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಕರೆಂಟು ಬಿಲ್ಲನ್ನೂ ಲೆಕ್ಕ ಹಾಕಿ.

ಬೆಂಗಳೂರಿನಿಂದ ತಂಗಿಯ ಮಗ ಹಸಿರು ಬಣ್ಣದ ಚೈನೀಸ್ ವಾಟರ್ ಡ್ರ್ಯಾಗನ್ ಕೊಳ್ಳಲಾ ಮಾವ ಅಂತ ಕೇಳಿದ್ದ. ಅದು ಬೇರೆಯೇ ಜಾತಿ, ವಿಯೆಟ್ನಾಂ, ಥಾಯ್ಲೆಂಡ್ ಕಡೆಯ ಕಾಡಿನ ಹೊಳೆಗಳದ್ದು. ಮಾಂಸಕ್ಕೂ ಸಾಕಲಿಕ್ಕೂ ಹಿಡಿದು ಹಿಡಿದು ಕಡಿಮೆಯಾಗಿ, 2022ರಲ್ಲಿ ವನ್ಯಜೀವಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದೆ. ಅಂಥ ಜೀವಿಗಳನ್ನು ಸಾಕುವವರು ಭಾರತದಲ್ಲೂ 2024ರ ನಿಯಮದಂತೆ ನೋಂದಣಿ ಮಾಡಿಸಬೇಕು. ಫ್ಲ್ಯಾಟಿನ ಬಾಲ್ಕನಿಯಲ್ಲಿ, ಕಾಡಿನಿಂದ ಹಿಡಿದು ತಂದದ್ದೋ ಅಲ್ಲವೋ ಗೊತ್ತಿಲ್ಲದ ಪ್ರಾಣಿ ಬೇಡ ಪುಟ್ಟ ಅಂದೆ. ಬೇಜಾರು ಮಾಡಿಕೊಂಡ. ಆದರೂ ನನ್ನ ಮಾತು ಅದೇ.

ಬ್ರಿಸ್ಬೇನಿನಲ್ಲಿ ಫ್ಲ್ಯಾಟಿನಲ್ಲಿರುವವರಿಗೂ ಬೇಡ ಅಂತಲೇ ಹೇಳುತ್ತೇನೆ. ರೋಮಾ ಸ್ಟ್ರೀಟ್ ಪಾರ್ಕ್‌ಲ್ಯಾಂಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕಾಲಿಗೆ ಅಡ್ಡ ಬರುವಷ್ಟಿವೆ. ನಗರದ ಪಾರ್ಕುಗಳಲ್ಲಿ ಬೇರೆ ಬೇರೆಯಾಗಿ ಸಿಕ್ಕಿಕೊಂಡ ಇವು, ದ್ವೀಪಗಳಲ್ಲಿದ್ದ ಹಾಗೆ ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಮೈಕಟ್ಟಿನಲ್ಲೂ ವಂಶವಾಹಿಯಲ್ಲೂ ಬೇರೆಯಾಗುತ್ತಿವೆ ಅಂತ ಸಂಶೋಧಕರು ತೋರಿಸಿದ್ದಾರೆ. ಬೆಂಚಿನ ಮೇಲೆ ಕೂತು ಅಂಥದ್ದನ್ನು ನೋಡುವುದಕ್ಕೆ ಲೈಸೆನ್ಸೂ ಬೇಡ. ಅಲ್ಲಿಂದ ಹಿಡಿದು ತರುವುದು ಮಾತ್ರ ಅಪರಾಧ, ಸಾಕಿದ್ದನ್ನು ಅಲ್ಲಿ ಬಿಟ್ಟು ಬರುವುದೂ ಅಷ್ಟೇ.

ಭೈರ ಬಂದು ಹತ್ತು ದಿನವಾಗಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಾನು ಬಾಗಿಲ ಹತ್ತಿರ ಹೋದೆ, ಅವನು ಕೊಂಬೆಯ ತುದಿಯಲ್ಲಿ ಬಿಸಿಲಿಗೆ ಮೈ ಚಪ್ಪಟೆ ಮಾಡಿಕೊಂಡು ಕೂತಿದ್ದ. ನನ್ನ ನೆರಳು ಬಿತ್ತು. ಗಾಜಿನ ಮನೆಯಲ್ಲಿದ್ದಾಗ ಹೆದರಿದರೆ ಗೋಡೆಗೆ ಹೊಡೆದುಕೊಳ್ಳುತ್ತಿದ್ದವನು, ಈ ಸಲ ಕಾಲು ಮಡಚಿ ಕಲ್ಲು ಬಿದ್ದ ಹಾಗೆ ಕೆಳಗೆ ಬಿದ್ದ. ದುಡುಂ. ಮಗಳು ಓಡಿ ಬಂದಳು. ತೊಟ್ಟಿಯ ತಳದಲ್ಲಿ ಕಣ್ಣು ಬಿಟ್ಟುಕೊಂಡು, ಬಾಲ ಸುತ್ತಿಕೊಂಡು, ಮೂಗಿನ ಹತ್ತಿರ ಒಂದೇ ಒಂದು ಗುಳ್ಳೆ ಹಿಡಿದುಕೊಂಡು ಕೂತಿದ್ದ. ನಾವಿಬ್ಬರೂ ಅಲ್ಲೇ ನಿಂತೆವು. ಕಾಫಿ ಆರಿ ಹೋಯಿತು, ಅವನು ಎದ್ದು ಬರಲಿಲ್ಲ.